ಬಾಡಿಗೆ ಮನೆಯ ಸ್ಮೋಕ್ ಅಲಾರಂ: 10 ವರ್ಷದ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಬ್ರಿಸ್ಬೇನಿಗೆ ಹೊಸದಾಗಿ ಬಂದು ಬಾಡಿಗೆ ಮನೆ ಹಿಡಿದವರು ಏಜೆಂಟ್ ಹತ್ತಿರ ಏನೇನೋ ಕೇಳುತ್ತಾರೆ. ಬಸ್ ಸ್ಟಾಪ್ ಎಷ್ಟು ದೂರ, ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು, ಬಾಂಡ್ ಅಂದರೆ ಅಡ್ವಾನ್ಸ್ ದುಡ್ಡು ವಾಪಸ್ ಯಾವಾಗ ಬರುತ್ತದೆ. ಸೀಲಿಂಗಿಗೆ ಅಂಟಿಕೊಂಡು ಕೂತಿರುವ ಬಿಳಿ ಡಬ್ಬಿಯ, ಅಂದರೆ ಹೊಗೆ ಕಂಡರೆ ಕೂಗುವ ಸ್ಮೋಕ್ ಅಲಾರಂನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನಮ್ಮೂರಿನ ಮನೆಗಳಲ್ಲಿ ಅಂಥದ್ದು ನೋಡಿ ಅಭ್ಯಾಸವಿಲ್ಲ ನೋಡಿ. ಒಂದು ದಿನ ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸ್ವಲ್ಪ ಜಾಸ್ತಿ ಕರಕಲಾಗಿ, ಮನೆಯಲ್ಲಿರುವ ಅಷ್ಟೂ ಅಲಾರಂ ಒಟ್ಟಿಗೆ ಅರಚಿಕೊಂಡಾಗ ಪರಿಚಯವಾಗುತ್ತದೆ. ಆಮೇಲೆ ಕೇಳುವ ಪ್ರಶ್ನೆ ಒಂದೇ. ಇದರ ಬಾಯಿ ಮುಚ್ಚಿಸುವುದು ಹೇಗೆ?

ಬಾಯಿ ಮುಚ್ಚಿಸುವ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮಲಗುವ ಕೋಣೆಗೊಂದರಂತೆ ಇವು ಯಾಕೆ ಬಂದವು ಅಂತ ಹೇಳಿಬಿಡುತ್ತೇನೆ. 2011ರ ಆಗಸ್ಟ್‌ನಲ್ಲಿ, ಬ್ರಿಸ್ಬೇನಿನ ದಕ್ಷಿಣಕ್ಕಿರುವ ಲೋಗನ್ ನಗರದ ಸ್ಲಾಕ್ಸ್ ಕ್ರೀಕ್ ಎಂಬಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಒಂದು ಮನೆಗೆ ಬೆಂಕಿ ಬಿತ್ತು. ಮಕ್ಕಳೂ ಸೇರಿ 11 ಜನ ಸತ್ತರು. ವಿಚಾರಣೆ ನಡೆಸಿದ ಕೊರೋನರ್, ಅಂದರೆ ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ, 2014ರಲ್ಲಿ ಕೊಟ್ಟ ಶಿಫಾರಸುಗಳ ಮೇಲೆಯೇ ಈಗಿನ ಕಾನೂನು ನಿಂತಿದೆ. ಕಾನೂನು ಆಗಿದ್ದು 2016ರಲ್ಲಿ. ಹೊಸ ಮನೆಗಳಿಗೆ 2017ರಿಂದ, ಬಾಡಿಗೆ ಮನೆಗಳಿಗೆ ಮತ್ತು ಮಾರಾಟವಾಗುವ ಮನೆಗಳಿಗೆ 2022ರ ಜನವರಿ 1ರಿಂದ ಜಾರಿಗೆ ಬಂತು. ಉಳಿದೆಲ್ಲ ಮನೆಗಳಿಗೆ 2027ರ ಜನವರಿ 1 ಗಡುವು.

ರಾತ್ರಿ ಅನ್ನುವುದೇ ಇಲ್ಲಿ ಮುಖ್ಯ. ಹೊಗೆ ವಾಸನೆ ಬಂದರೆ ಎಚ್ಚರ ಆಗುತ್ತದೆ ಅಂತ ನಾವೆಲ್ಲ ನಂಬಿಕೊಂಡಿರುತ್ತೇವೆ. ಆಗುವುದಿಲ್ಲ. ಗಾಢ ನಿದ್ದೆಯಲ್ಲಿ ವಾಸನೆ ನಮ್ಮನ್ನು ಎಬ್ಬಿಸುವುದಿಲ್ಲ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ನಿದ್ದೆಯನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಕಿವಿ ಮಾತ್ರ ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಈ ಡಬ್ಬಿ ಅಷ್ಟು ಜೋರಾಗಿ ಕೂಗುವುದು. 3 ಮೀಟರ್ ದೂರದಲ್ಲಿ ಕಡಿಮೆ ಎಂದರೂ 85 ಡೆಸಿಬಲ್. ಪಕ್ಕದ ಕೋಣೆಯ ಬಾಗಿಲು ಮುಚ್ಚಿದ್ದರೆ ಅದೂ ಸಾಲದು. ಹಾಗಾಗಿ ಎಲ್ಲ ಅಲಾರಂಗಳೂ ಒಂದಕ್ಕೊಂದು ಜೋಡಿಸಿರಬೇಕು. ಗ್ಯಾರೇಜ್ ಪಕ್ಕದ ಕೋಣೆಯಲ್ಲಿ ಹೊಗೆ ಕಂಡರೆ, ಮೇಲಿನ ಮಹಡಿಯಲ್ಲಿ ಮಲಗಿದ ನಿಮ್ಮ ತಲೆಯ ಮೇಲಿನದೂ ಕೂಗಬೇಕು.

ಈಗ ಕೊಳ್ಳುವ ವಿಷಯ. ಬಾಡಿಗೆ ಮನೆಗೆ ಅಲಾರಂ ಕೊಳ್ಳುವ ಜವಾಬ್ದಾರಿ ಓನರ್‌ದು. ನಮ್ಮವರಲ್ಲಿ ಸಾಲ ಮಾಡಿ ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟವರೂ ಬೇಕಾದಷ್ಟು ಜನ ಇದ್ದಾರೆ, ಆದ್ದರಿಂದ ಈ ಮಾತು ಎರಡೂ ಕಡೆಯವರಿಗೆ. ಹಾರ್ಡ್‌ವೇರ್ ಅಂಗಡಿಯ ಕಪಾಟಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಡಬ್ಬದ ಮೇಲೆ ಫೋಟೋ ಎಲೆಕ್ಟ್ರಿಕ್ ಅಂತ ಇರಬೇಕು, ಎಎಸ್ 3786-2014 ಅನ್ನುವ ಆಸ್ಟ್ರೇಲಿಯಾದ ಮಾನಕದ ಗುರುತು ಇರಬೇಕು. ಹಳೆಯ ಮನೆಗಳಲ್ಲಿ ಇನ್ನೊಂದು ಜಾತಿ ಸಿಗುತ್ತದೆ, ಅಯೊನೈಸೇಶನ್ ಅಂತ. ಅದರೊಳಗೆ ಅಮೆರಿಷಿಯಂ 241 ಎಂಬ ವಿಕಿರಣ ವಸ್ತುವಿನ ಚೂರು ಇರುತ್ತದೆ. ಧಗ್ಗನೆ ಉರಿಯುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತದೆ. ಆದರೆ ಸೋಫಾದ ಸಂದಿಯಲ್ಲಿ, ಹಾಸಿಗೆಯಲ್ಲಿ ಗಂಟೆಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಸುಡುತ್ತಾ ಹೊಗೆಯಾಡುವ ಬೆಂಕಿಗೆ ಅದು ನಿಧಾನ. ಸಾಲದ್ದಕ್ಕೆ ಒಗ್ಗರಣೆಗೆ ಮಾತ್ರ ಬಹಳ ಚುರುಕು. ಕ್ವೀನ್ಸ್‌ಲ್ಯಾಂಡಿನ ಬಾಡಿಗೆ ಮನೆಯಲ್ಲಿ ಈಗ ಅದು ನಡೆಯುವುದಿಲ್ಲ.

ಫೋಟೋ ಎಲೆಕ್ಟ್ರಿಕ್ ಅಲಾರಂ ಒಳಗೆ ಒಂದು ಕತ್ತಲ ಗೂಡು ಇರುತ್ತದೆ. ಅದರಲ್ಲಿ ಸಣ್ಣದೊಂದು ಬೆಳಕು, ಅದಕ್ಕೆ ನೇರವಾಗಿ ಅಲ್ಲದೆ ಪಕ್ಕಕ್ಕೆ ಕೂತ ಒಂದು ಸೆನ್ಸರ್. ಹೊಗೆಯ ಕಣಗಳು ಒಳಗೆ ಬಂದಾಗ ಬೆಳಕು ಅವಕ್ಕೆ ತಾಗಿ ಚದುರುತ್ತದೆ, ಸೆನ್ಸರಿಗೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳು ಮಿನುಗುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಧೂಳು ಹೋದರೂ, ಜಿರಲೆ ಮರಿ ಹೋದರೂ ಸೆನ್ಸರಿಗೆ ಅದೂ ಹೊಗೆಯೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು 10 ವರ್ಷದ ಬ್ಯಾಟರಿಯ ವಿಷಯ. ಕಾನೂನಿನಲ್ಲಿ ಎರಡು ದಾರಿ ಇವೆ. ಒಂದು, ಮನೆಯ 240 ವೋಲ್ಟ್ ಕರೆಂಟಿಗೆ ವೈರ್ ಎಳೆದು ಜೋಡಿಸುವುದು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕು. ಇನ್ನೊಂದು, ಒಳಗೇ ಸೀಲ್ ಮಾಡಿದ, ಕೈಯಿಂದ ತೆಗೆಯಲು ಬಾರದ 10 ವರ್ಷದ ಬ್ಯಾಟರಿ ಇರುವುದು. ಇವು ವೈರ್ ಇಲ್ಲದೆ ರೇಡಿಯೋ ತರಂಗದಲ್ಲೇ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಮೊದಲು ಕರೆಂಟಿನದು ಇದ್ದ ಜಾಗಕ್ಕೆ ಬದಲಿಗೂ ಕರೆಂಟಿನದೇ ಹಾಕಬೇಕು, ಖರ್ಚು ಉಳಿಸಲು ಬ್ಯಾಟರಿಯದಕ್ಕೆ ಇಳಿಯುವ ಹಾಗಿಲ್ಲ.

ಸೀಲ್ ಮಾಡಿದ ಬ್ಯಾಟರಿ ಬಾಡಿಗೆ ಮನೆಗಳಿಗೆ ಹೇಳಿ ಮಾಡಿಸಿದಂತಿದೆ ಅಂತ ನನ್ನ ಅಭಿಪ್ರಾಯ. ಹಳೆಯ 9 ವೋಲ್ಟಿನ ಬ್ಯಾಟರಿಗಳ ಗತಿ ಗೊತ್ತಲ್ಲ. ಅಡುಗೆ ಹೊತ್ತಿನಲ್ಲಿ ಕೂಗಿತು ಅಂತ ಬಿಚ್ಚಿ ಫ್ರಿಜ್ ಮೇಲಿಡುತ್ತಾರೆ, ಮಕ್ಕಳ ಆಟಿಕೆಗೆ ಹೋಗುತ್ತದೆ, ವಾಪಸ್ ಹಾಕುವುದು ಮರೆತೇಹೋಗುತ್ತದೆ. ಮುಂದೆ ಬಂದ ಬಾಡಿಗೆದಾರರಿಗೆ ಅಲ್ಲಿರುವುದು ಖಾಲಿ ಡಬ್ಬಿ ಅಂತ ಗೊತ್ತೇ ಇರುವುದಿಲ್ಲ. ಸೀಲ್ ಮಾಡಿದ್ದರಲ್ಲಿ ಆ ತೊಂದರೆ ಇಲ್ಲ.

ಆದರೆ 10 ವರ್ಷ ಅಂದ ಮಾತ್ರಕ್ಕೆ 10 ವರ್ಷ ಆ ಕಡೆ ತಲೆ ಹಾಕಬೇಡಿ ಅಂತ ಅರ್ಥ ಅಲ್ಲ. ಅಲಾರಂ ತಿರುಗಿಸಿ ಬಿಚ್ಚಿ ಹಿಂಭಾಗ ನೋಡಿದರೆ ಸಣ್ಣ ಅಕ್ಷರದಲ್ಲಿ ತಯಾರಾದ ತಾರೀಕು ಇರುತ್ತದೆ. ಲೆಕ್ಕ ಶುರುವಾಗುವುದು ಅಲ್ಲಿಂದ, ನೀವು ಮೊಳೆ ಹೊಡೆದ ದಿನದಿಂದ ಅಲ್ಲ. ಉಗ್ರಾಣದಲ್ಲಿ 2 ವರ್ಷ ಕೂತ ಮಾಲನ್ನು ರಿಯಾಯಿತಿಯಲ್ಲಿ ತಂದರೆ ನಿಮಗೆ ಸಿಕ್ಕಿದ್ದು 8 ವರ್ಷವೇ. ಓನರ್ ಆದವರು ಕೊಳ್ಳುವ ಮೊದಲು ಅಂಗಡಿಯಲ್ಲೇ ಆ ತಾರೀಕು ನೋಡಿಕೊಳ್ಳಿ. ಬಾಡಿಗೆದಾರರು ಮನೆಗೆ ಬಂದ ವಾರದಲ್ಲೇ ಏಜೆಂಟ್‌ಗೆ ಒಂದು ಈಮೇಲ್ ಹಾಕಿ, ಪ್ರತಿ ಕೋಣೆಯ ಅಲಾರಂ ತಯಾರಾದ ತಾರೀಕು ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ಇಲ್ಲಿ ಬರವಣಿಗೆಯಲ್ಲಿ ಕೇಳಿದ್ದಕ್ಕೆ ಬೆಲೆ ಜಾಸ್ತಿ.

ರೇಡಿಯೋ ತರಂಗದವನ್ನು ಕೊಳ್ಳುವಾಗ ಇನ್ನೊಂದು ಮಾತು. ಒಂದು ಕಂಪನಿಯದು ಇನ್ನೊಂದು ಕಂಪನಿಯದರ ಜತೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ಐದರಲ್ಲಿ ಒಂದು ಕೆಟ್ಟಿತು ಅಂತ ಬೇರೆ ಕಂಪನಿಯದು ತಂದು ಹಾಕಿದರೆ, ಅದು ಒಂಟಿಯಾಗಿ ಕೂಗಿಕೊಂಡು ಸುಮ್ಮನಾಗುತ್ತದೆ. ಅದೇ ಕಂಪನಿಯದು ತಂದರೂ ಉಳಿದವುಗಳ ಜತೆ ಮತ್ತೆ ಜೋಡಿಸಬೇಕು. ಪರೀಕ್ಷೆ ಸುಲಭ. ಒಂದು ಕೋಣೆಯಲ್ಲಿ ಪೊರಕೆ ಹಿಡಿಯಿಂದ ಬಟನ್ ಒತ್ತಿ, ಮನೆಯವರೊಬ್ಬರು ಬೇರೆ ಕೋಣೆಗಳಲ್ಲಿ ಓಡಾಡಿ ಎಲ್ಲವೂ ಕೂಗುತ್ತಿವೆಯಾ ಕೇಳಿಸಿಕೊಳ್ಳಲಿ. ಊದುಬತ್ತಿ ಹಿಡಿದು, ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡಬೇಡಿ.

ಯಾರು ಏನು ಮಾಡಬೇಕು ಅನ್ನುವುದೂ ಕಾನೂನಿನಲ್ಲೇ ಇದೆ. ಬಾಡಿಗೆ ಶುರುವಾಗುವ ಅಥವಾ ಕರಾರು ಮುಂದುವರಿಯುವ ಹಿಂದಿನ 30 ದಿನಗಳ ಒಳಗೆ ಓನರ್ ಅಥವಾ ಏಜೆಂಟ್ ಪ್ರತಿಯೊಂದನ್ನೂ ಒತ್ತಿ ನೋಡಿ, ಒರೆಸಿ ಕೊಡಬೇಕು. ಆಮೇಲೆ 12 ತಿಂಗಳಿಗೆ ಒಂದು ಸಲವಾದರೂ ಬಾಡಿಗೆದಾರರು ಅದನ್ನೇ ಮಾಡಬೇಕು. ಕೆಟ್ಟಿದ್ದರೆ ಕೂಡಲೇ ತಿಳಿಸಬೇಕು. ಬಿಚ್ಚಿ ತೆಗೆದಿಡುವುದು, ಬಣ್ಣ ಬಳಿಯುವುದು, ಮುಚ್ಚುವುದು ಯಾವುದೂ ಕೂಡದು.

ಒರೆಸುವುದು ಅಂದರೆ ಒದ್ದೆ ಬಟ್ಟೆ ಅಲ್ಲ. ವ್ಯಾಕ್ಯೂಮ್ ಕ್ಲೀನರಿಗೆ ಮೆತ್ತನೆಯ ಬ್ರಷ್ ಸಿಕ್ಕಿಸಿ, ಸುತ್ತಲಿನ ಸಣ್ಣ ಕಿಂಡಿಗಳ ಮೇಲೆ ಎಳೆದರೆ ಸಾಕು. ಕ್ವೀನ್ಸ್‌ಲ್ಯಾಂಡಿನ ಬೇಸಿಗೆ, ಹುಳುಹುಪ್ಪಟೆ, ಹಲ್ಲಿ ನಿಮಗೆ ಹೇಳಬೇಕೇ? ಹೊಗೆ ಇಲ್ಲದೆ ನಡುರಾತ್ರಿ ಅಲಾರಂ ಕೂಗಿದರೆ ಎಷ್ಟೋ ಸಲ ಒಳಗೆ ಹೊಕ್ಕ ಹುಳುವೇ ಕಾರಣ. ಹಾಗಂತ ಅದರೊಳಗೆ ಸ್ಪ್ರೇ ಹೊಡೆಯಬೇಡಿ, ಸೆನ್ಸರ್ ಹಾಳಾಗುತ್ತದೆ. ನಿಮಿಷಕ್ಕೊಂದು ಸಲ ಕೀಂಚ್ ಅನ್ನುವ ಸದ್ದು ಬೇರೆ. ಅದು ಬ್ಯಾಟರಿ ಮುಗಿಯುತ್ತಿದೆ ಅನ್ನುವ ಸೂಚನೆ. ಬೆಳಗಿನ ಜಾವ 3 ಗಂಟೆಗೇ ಅದು ಯಾಕೆ ಶುರುವಾಗುತ್ತದೆ ಅಂದರೆ, ತಂಪಿಗೆ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ. ಸೀಲ್ ಮಾಡಿದ ಅಲಾರಂ ಹೀಗೆ ಕೀಂಚ್ ಅಂದರೆ ಬ್ಯಾಟರಿ ಬದಲಿಸುವ ಮಾತಿಲ್ಲ, ಅಲಾರಂ ಅನ್ನೇ ಬದಲಿಸಬೇಕು. ಹಳೆಯದನ್ನು ಕಸದ ಡಬ್ಬಿಗೆ ಎಸೆಯಬೇಡಿ. ಒಳಗಿನ ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿ ಬೆಂಕಿ ಹತ್ತಬಹುದು.

ಈಗ ಒಗ್ಗರಣೆ. ಸ್ನಾನಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿಯನ್ನು ಅಲಾರಂಗೆ ತೊಡಿಸಿರುವ ಮನೆಗಳನ್ನು ನೋಡಿದ್ದೇನೆ. ದೋಸೆ ಹುಯ್ಯುವಾಗ ಹಾಕಿದ್ದು, ತೆಗೆಯುವುದು ಯಾರಿಗೂ ನೆನಪಿಲ್ಲ. ಅದರ ಬದಲು ಎಣ್ಣೆ ಕಾಯುವ ಮೊದಲೇ ಫ್ಯಾನ್ ಹಾಕಿ. ಎಷ್ಟೋ ಬಾಡಿಗೆ ಮನೆಗಳಲ್ಲಿ ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಫಿಲ್ಟರಿನಿಂದ ತಿರುಗಿಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಹಾಗಾಗಿ ಕಿಟಕಿ ತೆರೆದಿರಲಿ, ಮಲಗುವ ಕೋಣೆಗಳ ಬಾಗಿಲು ಮುಚ್ಚಿರಲಿ. ಕೂಗಿಯೇಬಿಟ್ಟರೆ, ಹೆಚ್ಚಿನ ಅಲಾರಂಗಳಲ್ಲಿ ಕೆಲವು ನಿಮಿಷ ಸದ್ದು ನಿಲ್ಲಿಸುವ ಬಟನ್ ಇರುತ್ತದೆ, ಆಮೇಲೆ ಅದು ತಾನೇ ಮತ್ತೆ ಎಚ್ಚೆತ್ತುಕೊಳ್ಳುತ್ತದೆ. ದಿನಾ ಇದೇ ಗೋಳಾದರೆ ತಪ್ಪು ಅಲಾರಂನದಲ್ಲ, ಜಾಗದ್ದು. ಅಡುಗೆಮನೆಯಲ್ಲಿ ಇರಲೇಬೇಕು ಅಂತ ಕಾನೂನು ಹೇಳಿಲ್ಲ. ಬಚ್ಚಲ ಬಾಗಿಲ ಎದುರಿಗೂ ಬೇಡ, ಬಿಸಿನೀರಿನ ಆವಿಗೂ ಅದು ಕೂಗುತ್ತದೆ. ಗೋಡೆ ಮತ್ತು ಸೀಲಿಂಗ್ ಸೇರುವ ಮೂಲೆಯಿಂದ 300 ಮಿಲಿಮೀಟರ್, ಸೀಲಿಂಗ್ ಫ್ಯಾನಿನ ರೆಕ್ಕೆಯಿಂದ 400 ಮಿಲಿಮೀಟರ್ ದೂರ ಇರಬೇಕು. ಸ್ವಲ್ಪ ಸರಿಸಿ ಕೊಡಿ ಅಂತ ಏಜೆಂಟ್‌ಗೆ ಬರೆಯಿರಿ.

ಹೆಚ್ಚುವರಿ ಬೆಡ್‌ರೂಮನ್ನೇ ದೇವರ ಕೋಣೆ ಮಾಡಿಕೊಂಡವರು ಸ್ವಲ್ಪ ಗಮನಿಸಿ. ಅಲ್ಲಿ ತಲೆಯ ಮೇಲೇ ಅಲಾರಂ ಇದೆ. ಸಾಂಬ್ರಾಣಿ ಹಾಕಿದರೆ ಮಂಗಳಾರತಿಗೆ ಜಾಗಟೆ ಬೇಕಾಗುವುದಿಲ್ಲ. ಪೀಠವನ್ನು ಕಿಟಕಿ ಪಕ್ಕಕ್ಕೆ ಇಡಿ, ಧೂಪವನ್ನು ಬಾಲ್ಕನಿಗೆ ಒಯ್ಯಿರಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೂ ಒಂದು ತಪ್ಪು ಮಾಡುತ್ತಾರೆ. ಮನೆ ತುಂಬ ಹೊಗೆಯಾಯಿತು ಅಂತ ಮುಂಬಾಗಿಲು ತೆಗೆಯುತ್ತಾರೆ. ಹೊಗೆ ಕಾರಿಡಾರಿಗೆ ಹೋಗುತ್ತದೆ. ಮನೆಯೊಳಗಿನ ಅಲಾರಂ ನಿಮಗೆ ಮಾತ್ರ ಕೂಗುವುದು, ಆದರೆ ದೊಡ್ಡ ಕಟ್ಟಡಗಳ ಕಾರಿಡಾರಿನಲ್ಲಿ ಇರುವುದು ಎಷ್ಟೋ ಕಡೆ ನೇರವಾಗಿ ಅಗ್ನಿಶಾಮಕ ದಳಕ್ಕೆ ಸುದ್ದಿ ಕೊಡುತ್ತದೆ. ಹತ್ತು ಮಹಡಿಯ ಜನ ಕೆಳಗೆ ಇಳಿಯುತ್ತಾರೆ, ಫೈರ್ ಇಂಜಿನ್ ಬರುತ್ತದೆ, ಆಮೇಲೆ ದೊಡ್ಡ ಮೊತ್ತದ ಬಿಲ್ ಕಟ್ಟಡದವರಿಗೆ ಬಂದು, ಅಲ್ಲಿಂದ ನಿಮ್ಮ ತಲೆಗೆ ಬರಬಹುದು. ಬಾಲ್ಕನಿ ಬಾಗಿಲು ತೆಗೆಯಿರಿ, ಮುಂಬಾಗಿಲು ಬೇಡ.

ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಗಳಲ್ಲಿ ಅವರಿಗೆ ಒಂದು ಸಲ ಬಟನ್ ಒತ್ತಿ ಕೇಳಿಸಿ. ಗಾಬರಿಯಾಗದಿರಲಿ ಅನ್ನುವುದು ಒಂದು ಕಾರಣ. ವಯಸ್ಸಾದಂತೆ ಕೀರಲು ಸದ್ದು ಕೇಳಿಸುವುದು ಕಡಿಮೆಯಾಗುತ್ತದೆ ಅನ್ನುವುದು ಇನ್ನೊಂದು. ಸಾಮಾನ್ಯ ಅಲಾರಂನ ಸದ್ದು 3000 ಹರ್ಟ್ಸ್ ಸುತ್ತಮುತ್ತ. ಕಿವಿ ಮಂದವಾದವರನ್ನು 520 ಹರ್ಟ್ಸ್‌ನ ದಪ್ಪ ಸದ್ದು ಚೆನ್ನಾಗಿ ಎಬ್ಬಿಸುತ್ತದೆ. ದಿಂಬಿನ ಕೆಳಗೆ ಇಟ್ಟು ಅದುರುವ ಪ್ಯಾಡ್‌ಗಳೂ ಇವೆ. ಯಾವ ಬಾಗಿಲಿಂದ ಹೊರಗೆ ಹೋಗಬೇಕು, ಎಲ್ಲಿ ಸೇರಬೇಕು, ಫೋನಿನಲ್ಲಿ ಸೊನ್ನೆ ಸೊನ್ನೆ ಸೊನ್ನೆ ಒತ್ತಬೇಕು ಅನ್ನುವುದನ್ನೂ ಆಗಲೇ ಹೇಳಿಬಿಡಿ.

ಕೊನೆಯದಾಗಿ, ಸ್ವಂತ ಮನೆಯಲ್ಲೇ ಇರುವವರಿಗೆ. ಬಾಡಿಗೆದಾರರಿಗೆ 2022ರಲ್ಲೇ ಸಿಕ್ಕಿದ ಈ ಸೌಲಭ್ಯ ನಿಮ್ಮ ಮನೆಯಲ್ಲಿ ಇನ್ನೂ ಇಲ್ಲದಿರಬಹುದು. ಅದರಲ್ಲೂ ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆಗಳಿದ್ದರೆ ಗಡುವಿನವರೆಗೆ ಕಾಯಬೇಡಿ. ಗಡುವಿನ ಹತ್ತಿರ ಹತ್ತಿರ ಎಲೆಕ್ಟ್ರಿಷಿಯನ್‌ಗಳು ಫೋನ್ ಎತ್ತುವುದೂ ಅನುಮಾನ ಅಂತ ನನ್ನ ಅಂದಾಜು. ಮೊದಲು ಬೆಡ್‌ರೂಮ್ ಎಷ್ಟು, ಅವುಗಳನ್ನು ಉಳಿದ ಮನೆಗೆ ಕೂಡಿಸುವ ಹಾಲ್‌ವೇ ಎಷ್ಟು, ಬೆಡ್‌ರೂಮ್ ಇಲ್ಲದ ಮಹಡಿ ಇದೆಯಾ ಅಂತ ಎಣಿಸಿಕೊಳ್ಳಿ. ಅಂಥ ಮಹಡಿಯಲ್ಲೂ ಹೊರಹೋಗುವ ದಾರಿಯಲ್ಲಿ ಒಂದು ಬೇಕು. ಆ ಲೆಕ್ಕ ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಎಲ್ಲವನ್ನೂ ಒಂದೇ ಕಂಪನಿಯದು, ಒಂದೇ ತಾರೀಕಿನದು ತನ್ನಿ.

ನಮಸ್ಕಾರ.