ಕಫುಯೆ ಸೆಲ್ಟಿಕ್‌ನ ಇಬ್ಬರು ಗೆಳೆಯರು

ಪ್ರಿಯ ಕೇಳುಗರೇ,

ಫುಟ್‌ಬಾಲ್ ಆಟಗಾರರ ಬಾಳನ್ನು ನಾವು ಸಾಮಾನ್ಯವಾಗಿ ಒಬ್ಬೊಂಟಿಯ ಕಥೆಯಾಗಿ ಹೇಳುತ್ತೇವೆ. ಬರಿಗಾಲ ಬಾಲ್ಯ, ಯಾರದೋ ಕಣ್ಣಿಗೆ ಬೀಳುವ ದಿನ, ಆಮೇಲೆ ಯುರೋಪ್. ಜಾಂಬಿಯಾದ ಪ್ಯಾಟ್ಸನ್ ಡಾಕಾ ಅವರ ಮೊದಲ ವರ್ಷಗಳನ್ನು ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಅವರ ಜೊತೆಜೊತೆಗೇ ಎನಾಕ್ ಎಂವೆಪು ಇದ್ದರು. ಒಬ್ಬರು ಮುಂಚೂಣಿಯಲ್ಲಿ ನಿಂತು ಗೋಲು ಹೊಡೆಯುವವರು, ಇನ್ನೊಬ್ಬರು ನಡುಮೈದಾನದಲ್ಲಿ ನಿಂತು ಆಟ ಕಟ್ಟುವವರು. ಎಂವೆಪು ಅವರನ್ನು ಬಿಟ್ಟು ಡಾಕಾ ಅವರ ಬಗ್ಗೆ ಮಾತನಾಡಿದರೆ ಅರ್ಧ ಮಾತು ಬಾಯಲ್ಲೇ ಉಳಿದಂತೆ.

ಇಬ್ಬರೂ ಹುಟ್ಟಿದ್ದು 1998ರಲ್ಲಿ. ಆ ದಶಕದಲ್ಲಿ ಅವರ ದೇಶದ ಫುಟ್‌ಬಾಲ್ ಎರಡು ದೊಡ್ಡ ಪೆಟ್ಟು ತಿಂದಿತು. ಮೊದಲನೆಯದನ್ನು ಜಗತ್ತೇ ಬಲ್ಲದು. 1993ರ ಏಪ್ರಿಲ್ 27ರಂದು, ಸೆನೆಗಲ್‌ನಲ್ಲಿ ಆಡಲು ಹೊರಟಿದ್ದ ರಾಷ್ಟ್ರೀಯ ತಂಡದ ವಿಮಾನ ಗ್ಯಾಬೊನ್ ದೇಶದ ಲಿಬ್ರೆವಿಲ್ ಬಳಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 30 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ 18 ಮಂದಿ ಆಟಗಾರರು. ಎರಡನೆಯ ಪೆಟ್ಟು ಸದ್ದಿಲ್ಲದೆ ಬಿದ್ದದ್ದು. ಜಾಂಬಿಯಾದ ದೊಡ್ಡ ಕ್ಲಬ್‌ಗಳಲ್ಲಿ ಹಲವನ್ನು ಸಾಕಿ ಸಲಹಿದ್ದು ಅಲ್ಲಿನ ತಾಮ್ರದ ಗಣಿಗಳು. 1990ರ ದಶಕದ ಕೊನೆಗೆ ಗಣಿಗಳು ಖಾಸಗಿಯವರ ಕೈಸೇರಿದಾಗ ಆ ಆಸರೆ ಸಡಿಲಾಯಿತು. ಹುಡುಗರನ್ನು ಹುಡುಕಿ ತಿದ್ದುವ ಕೆಲಸ ಸಣ್ಣಪುಟ್ಟ ಕ್ಲಬ್‌ಗಳ ಹೆಗಲೇರಿತು.

ಕಫುಯೆ ಸೆಲ್ಟಿಕ್ ಅಂಥದೊಂದು ಕ್ಲಬ್. ರಾಜಧಾನಿ ಲುಸಾಕಾದ ದಕ್ಷಿಣಕ್ಕೆ, ಕಫುಯೆ ನದಿಯ ದಡದಲ್ಲಿ, ಗೊಬ್ಬರದ ಕಾರ್ಖಾನೆಯಿರುವ ಊರಿನ ಹೆಸರು ಅದಕ್ಕೆ. ಕ್ಲಬ್‌ನ ದೊಡ್ಡತನ ಅದರ ಕಪಾಟಿನ ಕಪ್‌ಗಳಲ್ಲಿಲ್ಲ. ಅದು ಬೆಳೆಸಿ ಬೀಳ್ಕೊಟ್ಟ ಹುಡುಗರಲ್ಲಿದೆ. ಡಾಕಾ, ಎಂವೆಪು ಇಬ್ಬರೂ ಅಲ್ಲಿಂದ ಬಂದವರು. ದೊಡ್ಡವರ ಲೀಗ್‌ನ ಒರಟುತನ ಅರಿಯಲೆಂದು ಡಾಕಾ ಅವರನ್ನು ಕಿಟ್ವೆಯ ಪವರ್ ಡೈನಮೋಸ್ ತಂಡಕ್ಕೆ ಎರವಲು ಕೊಟ್ಟಿದ್ದರು.

18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಕಳುಹಿಸುವುದನ್ನು, ಕೆಲವು ವಿನಾಯಿತಿಗಳ ಹೊರತು, ಫಿಫಾ ನಿಯಮ ತಡೆಯುತ್ತದೆ. ಆ ನಿಯಮಕ್ಕೆ ನಾನು ಕೈಮುಗಿಯುತ್ತೇನೆ. ಕಳ್ಳ ದಲ್ಲಾಳಿಗಳ ಮಾತು ನಂಬಿ ಯುರೋಪಿನ ಬೀದಿಗಳಲ್ಲಿ ಕಳೆದುಹೋದ ಆಫ್ರಿಕಾದ ಮಕ್ಕಳು ಕಡಿಮೆಯಿಲ್ಲ. ಡಾಕಾ ಅವರಿಗೆ 18 ತುಂಬಿದ್ದು 2016ರ ಅಕ್ಟೋಬರ್‌ನಲ್ಲಿ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಕ್ಲಬ್ ಅವರನ್ನು ಕರೆಸಿಕೊಂಡದ್ದು 2017ರ ಜನವರಿಯಲ್ಲಿ. ಜಾಂಬಿಯಾದಲ್ಲಿ ಅದು ಮಳೆಗಾಲದ ನಡುಮಧ್ಯ, ಸಾಲ್ಜ್‌ಬರ್ಗ್‌ನಲ್ಲಿ ಆಲ್ಪ್ಸ್ ಪರ್ವತದ ಕಡುಚಳಿ.

ಅಲ್ಲಿಂದ ಮುಂದಿನ ಐದು ತಿಂಗಳು ನನಗೆ ಇಂದಿಗೂ ಅಚ್ಚರಿ. ಮಾರ್ಚ್‌ನಲ್ಲಿ ಡಾಕಾ ತಾಯ್ನಾಡಿಗೆ ಮರಳಿದ್ದರು. 20 ವರ್ಷದೊಳಗಿನವರ ಆಫ್ರಿಕಾ ಕಪ್ ಆ ಸಲ ಜಾಂಬಿಯಾದಲ್ಲೇ ನಡೆದಿತ್ತು. ತಂಡದಲ್ಲಿ ಎಂವೆಪು ಕೂಡ ಇದ್ದರು. ಫೈನಲ್ ನಡೆದದ್ದು ಲುಸಾಕಾದ ಹೀರೋಸ್ ಕ್ರೀಡಾಂಗಣದಲ್ಲಿ. ವಿಮಾನ ದುರಂತದಲ್ಲಿ ಮಡಿದವರ ಸಮಾಧಿಗಳಿರುವುದು ಅದರ ಹತ್ತಿರದಲ್ಲೇ. ಎದುರಾಳಿ ಸೆನೆಗಲ್, ಆ ತಂಡ ಹಾರಿ ತಲುಪಲಾಗದೆ ಹೋದ ದೇಶ. ಡಾಕಾ ಒಂದು, ಎಡ್ವರ್ಡ್ ಚಿಲುಫ್ಯಾ ಒಂದು, ಹೀಗೆ 2–0ರಿಂದ ಜಾಂಬಿಯಾ ಗೆದ್ದಿತು. ಆ ಆಟವನ್ನು ಡೆನಿಸ್ ಲಿವೆವೆ ಬಣ್ಣಿಸಿದ್ದರೆ ಹೇಗಿರುತ್ತಿತ್ತು ಎಂದು ನಾನು ಊಹಿಸಿಕೊಳ್ಳುತ್ತೇನೆ. ದಶಕಗಳ ಕಾಲ ಜಾಂಬಿಯಾದ ಜನ ಫುಟ್‌ಬಾಲನ್ನು ಕಂಡದ್ದೇ ಆ ಮಹಾನುಭಾವರ ಬಾನುಲಿ ದನಿಯಲ್ಲಿ. 2014ರಲ್ಲಿ ಅವರು ತೀರಿಕೊಂಡಿದ್ದರು.

ಏಪ್ರಿಲ್‌ನಲ್ಲಿ ಯುರೋಪಿನ ಯುವ ಕ್ಲಬ್‌ಗಳ ಫೈನಲ್, ಸ್ವಿಟ್ಜರ್ಲೆಂಡಿನ ನ್ಯೋನ್‌ನಲ್ಲಿ. ಬೆನ್ಫಿಕಾ ಎದುರು ಹಿಂದೆ ಬಿದ್ದಿದ್ದ ಸಾಲ್ಜ್‌ಬರ್ಗ್‌ಗೆ ಸಮಬಲದ ಗೋಲು ತಂದವರು ಡಾಕಾ; ತಂಡ 2–1ರಿಂದ ಗೆದ್ದಿತು. ಮೇ ತಿಂಗಳಲ್ಲಿ ಇಬ್ಬರೂ ಗೆಳೆಯರು ದಕ್ಷಿಣ ಕೊರಿಯಾದಲ್ಲಿ, ಯುವ ವಿಶ್ವಕಪ್‌ನಲ್ಲಿ. ಜರ್ಮನಿಯನ್ನು ಹೆಚ್ಚುವರಿ ಸಮಯದಲ್ಲಿ 4–3ರಿಂದ ಮಣಿಸಿ ಎಂಟರ ಘಟ್ಟ ತಲುಪಿ, ಇಟಲಿಗೆ ಸೋತರು. ಆ ಬೇಸಿಗೆಯಲ್ಲೇ ಎಂವೆಪು ಕೂಡ ಸಾಲ್ಜ್‌ಬರ್ಗ್ ಸೇರಿದರು.

ಸೇರಿದವರನ್ನು ಕ್ಲಬ್ ನೇರವಾಗಿ ದೊಡ್ಡ ತಂಡಕ್ಕೆ ಏರಿಸಲಿಲ್ಲ. ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡುವ ಲೀಫರಿಂಗ್ ಎಂಬ ತನ್ನ ಕಿರಿಯರ ತಂಡದಲ್ಲಿ ಪಳಗಿಸಿತು. ಇದನ್ನು ಹಿಂಬಡ್ತಿ ಎಂದು ಕರೆಯುವವರಿದ್ದಾರೆ. ನನ್ನ ಮಟ್ಟಿಗೆ, ಹತ್ತೊಂಬತ್ತರ ಹುಡುಗನಿಗೆ ಹೆಸರಾಂತ ಕ್ಲಬ್‌ನ ಬೆಂಚಿಗಿಂತ ಸಣ್ಣ ಮೈದಾನದ ತೊಂಬತ್ತು ನಿಮಿಷ ಮೇಲು. ಅದರ ಫಲ ಕಣ್ಣೆದುರಿಗಿದೆ. 2020ರ ಜನವರಿಯಲ್ಲಿ ಎರ್ಲಿಂಗ್ ಹಾಲಂಡ್ ಕ್ಲಬ್ ಬಿಟ್ಟು ಹೊರಟಾಗ ಆ ಜಾಗಕ್ಕೆ ಹೊರಗಿನವರನ್ನು ಹುಡುಕುವ ಅಗತ್ಯ ಬೀಳಲಿಲ್ಲ. 2020–21ರ ಲೀಗ್‌ನಲ್ಲಿ ಡಾಕಾ 28 ಪಂದ್ಯಗಳಲ್ಲಿ 27 ಗೋಲು ಹೊಡೆದರು. ಮರುಬೇಸಿಗೆಯಲ್ಲಿ ಇಬ್ಬರೂ ಇಂಗ್ಲೆಂಡಿಗೆ ಹೋದರು: ಡಾಕಾ ಲೆಸ್ಟರ್‌ಗೆ, ಎಂವೆಪು ಬ್ರೈಟನ್‌ಗೆ.

ಇಲ್ಲಿ ಹಣದ ಒಂದು ಮಾತು ಹೇಳಲೇಬೇಕು. ಆಟಗಾರ ಹೀಗೆ ದೇಶ ದಾಟಿ ಮಾರಾಟವಾದಾಗ ಮೊತ್ತದ ಶೇಕಡಾ 5ರಷ್ಟನ್ನು, ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. ಲೆಸ್ಟರ್ ಕೊಟ್ಟ ಕೋಟಿಗಳ ಲೆಕ್ಕದಲ್ಲಿ ಅದು ಚಿಲ್ಲರೆ. ಜಾಂಬಿಯಾದ ಸಣ್ಣ ಕ್ಲಬ್‌ಗೆ ಅದೇ ಚೆಂಡು, ಅದೇ ಬೂಟು, ಅದೇ ಹುಡುಗರ ಊಟ.

2021ರ ಅಕ್ಟೋಬರ್ ತಿಂಗಳನ್ನು ಜಾಂಬಿಯಾ ಮರೆಯಲಾರದು. 16ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಡಾಕಾ ಹೊಡೆದದ್ದು ಪ್ರೀಮಿಯರ್ ಲೀಗ್‌ನಲ್ಲಿ ಜಾಂಬಿಯಾದವರೊಬ್ಬರ ಮೊದಲ ಗೋಲು. 20ರಂದು ಮಾಸ್ಕೋದಲ್ಲಿ ಲೆಸ್ಟರ್ 0–2ರಿಂದ ಹಿಂದಿತ್ತು. ವಿರಾಮದ ಅಂಚಿಗೆ ಡಾಕಾ ಒಂದು ಹೊಡೆದರು; ವಿರಾಮ ಮುಗಿದು ಹತ್ತು ನಿಮಿಷವಾಗುವುದರೊಳಗೆ ಇನ್ನೆರಡು; ಆಮೇಲೆ ನಾಲ್ಕನೆಯದು. ಪಂದ್ಯ 4–3, ನಾಲ್ಕೂ ಅವರವೇ. 30ರಂದು ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಎಂವೆಪು ಪೆನಾಲ್ಟಿ ಆವರಣದ ಹೊರಗಿನಿಂದಲೇ ಮೇಲೆತ್ತಿ ಹೊಡೆದ ಚೆಂಡು ಗೋಲಿ ಅಲಿಸನ್‌ರ ತಲೆ ಮೇಲಿಂದ ಬಾಗಿ ಬಲೆಯೊಳಗಿಳಿಯಿತು. ಎರಡು ಗೋಲುಗಳಿಂದ ಹಿಂದಿದ್ದ ಬ್ರೈಟನ್ ಆ ಪಂದ್ಯವನ್ನು 2–2ರಲ್ಲಿ ಉಳಿಸಿಕೊಂಡಿತು.

ಒಂದು ವರ್ಷ ತುಂಬುವ ಮೊದಲೇ, 2022ರ ಸೆಪ್ಟೆಂಬರ್‌ನಲ್ಲಿ, ರಾಷ್ಟ್ರೀಯ ತಂಡ ಸೇರಲು ಹೊರಟಿದ್ದ ಎಂವೆಪು ವಿಮಾನದಲ್ಲೇ ಅಸ್ವಸ್ಥರಾಗಿ ಮಾಲಿ ದೇಶದ ಆಸ್ಪತ್ರೆ ಸೇರಿದರು. ವಂಶದಿಂದ ಬಂದ ಹೃದಯದ ತೊಂದರೆ ಎಂದು ತಪಾಸಣೆಯಲ್ಲಿ ತಿಳಿಯಿತು. ಆಡಿದರೆ ಜೀವಕ್ಕೇ ಅಪಾಯ. ಅಕ್ಟೋಬರ್ 10ರಂದು, 24ನೇ ವಯಸ್ಸಿನಲ್ಲಿ ಅವರು ಆಟ ನಿಲ್ಲಿಸಿದರು. ಬೇರೆಯವರಿಗೆ ಆರಂಭ ಎನ್ನಿಸಿಕೊಳ್ಳುವ ವರ್ಷಗಳೇ ಅವರ ಪಾಲಿಗೆ ಎಲ್ಲವೂ ಆದವು. ಬ್ರೈಟನ್ ಅವರ ಕೈಬಿಡಲಿಲ್ಲ. ಒಂಬತ್ತು ವರ್ಷದೊಳಗಿನ ಮಕ್ಕಳ ತರಬೇತುದಾರರನ್ನಾಗಿ ಮಾಡಿಕೊಂಡಿತು. ಆ ಕ್ಲಬ್‌ನ ಮೇಲೆ ನನಗೆ ಗೌರವ ಮೂಡಿದ್ದು ಆವತ್ತು.

2015ರ ಬಳಿಕ ಜಾಂಬಿಯಾ ಮತ್ತೆ ಆಫ್ರಿಕಾ ಕಪ್‌ನ ಅಂತಿಮ ಸುತ್ತಿಗೆ ಬಂದದ್ದು 2024ರ ಜನವರಿಯಲ್ಲಿ, ಐವರಿ ಕೋಸ್ಟ್‌ನಲ್ಲಿ. ತಾಂಜಾನಿಯಾ ಎದುರು ಹತ್ತೇ ಮಂದಿ ಉಳಿದು, 0–1ರಿಂದ ಸೋಲುತ್ತಿದ್ದಾಗ 88ನೇ ನಿಮಿಷದಲ್ಲಿ ಡಾಕಾ ತಲೆಯಿಂದ ಚೆಂಡನ್ನು ಬಲೆಗೆ ನೂಕಿದರು. ಮುಂದಿನ ಪಂದ್ಯದಲ್ಲಿ ಮೊರಾಕೊ ಎದುರು ಸೋತು ತಂಡ ಹೊರಬಿತ್ತು. ಮುಂಚೂಣಿಯಲ್ಲಿ ಕಾಯುತ್ತಿದ್ದ ಡಾಕಾ ಅವರಿಗೆ ಹಿಂದಿನಿಂದ ಚೆಂಡು ಬೇಕಾದಷ್ಟು ಬರಲೇ ಇಲ್ಲ ಎಂಬುದು ನನ್ನ ಅನಿಸಿಕೆ. ಎಂವೆಪು ಅವರಿಗೆ ಆಗ 26 ವರ್ಷ; ಆ ಚೆಂಡು ಕೊಡಬೇಕಾಗಿದ್ದವರು ಅವರೇ.