ಒರಟು ಆಟದಲ್ಲಿ ಸಭ್ಯ ಆಟಗಾರರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಐಸ್ ಹಾಕಿಯ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಮಂಗಳೂರಿನ ಸೆಕೆಯಲ್ಲಿ ಕೂತು ಐಸ್ ಹಾಕಿಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮಲ್ಲಿ ಐಸ್ ಅಂದ್ರೆ ಮಲ್ಪೆಯಲ್ಲಿ, ಇಲ್ಲಿನ ಧಕ್ಕೆಯಲ್ಲಿ ಮೀನಿನ ಮೇಲೆ ಸುರಿಯುವ ಪುಡಿ ಐಸ್, ಅಷ್ಟೆ. ಆದರೆ ಉಡುಪಿ, ಮಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಈಗ ಕೆನಡಾದಲ್ಲಿದ್ದಾರೆ. ನನ್ನ ಅಕ್ಕನ ಮಗನೂ ಅಲ್ಲೇ ಇದ್ದಾನೆ. ಚಳಿಗಾಲ ಬಂತು ಅಂದ್ರೆ ಅವನ ಫೋನಿನಲ್ಲಿ ಈ ಆಟದ್ದೇ ಮಾತು. ಅವನು ಕಳಿಸಿದ ವಿಡಿಯೊ ನೋಡುತ್ತಾ ನೋಡುತ್ತಾ ನನಗೂ ಹುಚ್ಚು ಹಿಡಿಯಿತು.

ಇನ್ನೊಂದು ಕಾರಣವೂ ಇದೆ. ನಾನು ನಮ್ಮ ಕಡೆಯ ಕಬಡ್ಡಿ ಪಂದ್ಯಾಟಗಳಲ್ಲಿ ವಿಸಿಲ್ ಊದುವವನು. ಅಂಕಣದ ಬದಿಯಲ್ಲಿ ನಿಂತವರು ಆಡುವ ಒಂದು ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ. "ಅವನು ಪಾಪದವ ಮಾರಾಯ್ರೆ, ಅವನಿಂದ ಆಗ್ಲಿಕ್ಕಿಲ್ಲ." ಯಾರ ಜೊತೆಗೂ ಜಗಳ ಮಾಡದ, ಅಂಪೈರ್ ಮೇಲೆ ಕೂಗಾಡದ ಹುಡುಗನನ್ನು ಕಂಡರೆ ಹೀಗೆ ಹೇಳುತ್ತಾರೆ. ಸಭ್ಯವಾಗಿ ಆಡುವವನಿಗೆ ಕಸುವು ಕಮ್ಮಿ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು ಅಂತ ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಐಸ್ ಹಾಕಿಯ ಚರಿತ್ರೆ ಓದಿದ ಮೇಲೆ ಆ ಅನಿಸಿಕೆಗೆ ಸಾಕ್ಷಿ ಸಿಕ್ಕಿತು.

ಆಟ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಕಣ. ಸುತ್ತಲೂ ಹಲಗೆಯ ಗೋಡೆ. ಒಂದು ತಂಡದಲ್ಲಿ ಗೋಲ್‌ಕೀಪರ್ ಸೇರಿ 6 ಜನ. ಚೆಂಡಿನ ಬದಲು ಪಕ್ ಅನ್ನುವ ರಬ್ಬರ್ ಬಿಲ್ಲೆ, 3 ಇಂಚು ಅಗಲ, 1 ಇಂಚು ದಪ್ಪ. ಅದು ಪುಟಿಯಬಾರದು ಅಂತ ಆಟಕ್ಕೆ ಮೊದಲೇ ಫ್ರೀಜ್ ಮಾಡಿ ಇಡುತ್ತಾರೆ. ಪಕ್ ಇಟ್ಟುಕೊಂಡವನಿಗೆ ಮೈಯಿಂದ ಗುದ್ದುವುದು ನಿಯಮದ ಪ್ರಕಾರವೇ ಸರಿ. ಆದರೆ ಕೋಲು ಹಾಕಿ ಕೆಡವಿದರೆ, ಕೋಲಿನಿಂದ ಕೊಕ್ಕೆ ಹಾಕಿ ಎಳೆದರೆ 2 ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಅಷ್ಟು ಹೊತ್ತು ತಂಡ ಒಬ್ಬ ಕಮ್ಮಿಯಾಗಿ ಆಡಬೇಕು. ಕೈ ಕೈ ಮಿಲಾಯಿಸಿದರೆ 5 ನಿಮಿಷ. ನಮ್ಮ ಕಬಡ್ಡಿಯಲ್ಲೂ ಹಳದಿ ಕಾರ್ಡ್ ಸಿಕ್ಕಿದವನು 2 ನಿಮಿಷ ಹೊರಗೆ, ಅಲ್ವಾ? ಲೆಕ್ಕ ಹತ್ತಿರ ಹತ್ತಿರ ಒಂದೇ.

ಈಗ ಸ್ಟಾನ್ ಮಿಕಿಟಾ ಅನ್ನುವವರ ಕಥೆ ಕೇಳಿ. ಹುಟ್ಟಿದ್ದು ಈಗಿನ ಸ್ಲೊವಾಕಿಯಾದಲ್ಲಿ, 1940ರಲ್ಲಿ. 8 ವರ್ಷದ ಹುಡುಗನಾಗಿದ್ದಾಗ ಬಂಧುಗಳ ಜೊತೆ ಕೆನಡಾಕ್ಕೆ ಹೋದರು. ಭಾಷೆ ಬರುವುದಿಲ್ಲ. ಬೇರೆ ಹುಡುಗರು ವಲಸೆ ಬಂದವನು ಅಂತ ಹೀಯಾಳಿಸುತ್ತಿದ್ದರು. ಹಾಗೆ ಬೆಳೆದವರು ಹೊಡೆತಕ್ಕೆ ಹೊಡೆತ ಅಂತಲೇ ಆಟವನ್ನೂ ಕಲಿತರು. ಮುಂದೆ ಶಿಕಾಗೊ ತಂಡ ಸೇರಿದರು. ಎತ್ತರದ ಆಳಲ್ಲ, ಆದರೆ ಯಾರಿಗೂ ಹೆದರುವವರಲ್ಲ. ಕೆನಡಾ, ಅಮೆರಿಕದ ತಂಡಗಳು ಆಡುವ ದೊಡ್ಡ ಲೀಗ್ ಅಂದ್ರೆ ನ್ಯಾಷನಲ್ ಹಾಕಿ ಲೀಗ್. ಅದರಲ್ಲಿ ಗೋಲು ಹೊಡೆದರೂ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೂ ಒಂದು ಪಾಯಿಂಟ್. 1964-65ರ ಸೀಸನ್ನಿನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರು ಅವರೇ, 87. ಅದೇ ವರ್ಷ ಅವರ ಹೆಸರಿಗೆ ಬಿದ್ದ ಪೆನಾಲ್ಟಿ 154 ನಿಮಿಷ. ಒಂದು ಪಂದ್ಯ ಅಂದ್ರೆ 60 ನಿಮಿಷ. ಎರಡೂವರೆ ಪಂದ್ಯಕ್ಕಿಂತ ಜಾಸ್ತಿ!

ಮನೆಯಲ್ಲಿ ಪುಟ್ಟ ಮಗಳು ಟಿವಿಯಲ್ಲಿ ಅಪ್ಪನ ಆಟ ನೋಡುತ್ತಿದ್ದಳು. ಉಳಿದವರೆಲ್ಲ ಆಡುತ್ತಿರುವಾಗ ಅಪ್ಪ ಮಾತ್ರ ಯಾಕೆ ಅಷ್ಟು ಹೊತ್ತು ಕೂತೇ ಇರುತ್ತಾರೆ ಅಂತ ಅಮ್ಮನನ್ನು ಕೇಳಿದಳಂತೆ. ಈ ಮಾತು ಮಿಕಿಟಾ ಅವರ ಕಿವಿಗೆ ಬಿತ್ತು. ಅದು ತನ್ನ ಆಟವನ್ನೇ ಬದಲಿಸಿತು ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ.

1966-67ರಲ್ಲಿ ಅವರ ಪೆನಾಲ್ಟಿ ಎಷ್ಟು ಗೊತ್ತಾ? ಇಡೀ ಸೀಸನ್ನಿಗೆ 12 ನಿಮಿಷ. ಪಾಯಿಂಟ್ ಇಳಿಯಿತಾ? ಇಲ್ಲ, 97ಕ್ಕೆ ಏರಿತು. ಆ ವರ್ಷ ಅತಿ ಹೆಚ್ಚು ಪಾಯಿಂಟಿನ ಟ್ರೋಫಿ, ಅತ್ಯಂತ ಬೆಲೆಯುಳ್ಳ ಆಟಗಾರನ ಟ್ರೋಫಿ, ಸಭ್ಯ ಆಟದ ಟ್ರೋಫಿ, ಮೂರೂ ಅವರಿಗೇ ಬಂದವು. ಮರುವರ್ಷ ಮತ್ತೆ ಮೂರೂ ಅವರದೇ. ಈ ಮೂರನ್ನು ಒಂದೇ ಸೀಸನ್ನಿನಲ್ಲಿ ಗೆದ್ದವರು ಲೀಗಿನಲ್ಲಿ ಇನ್ನೊಬ್ಬರಿಲ್ಲ.

ಅಂಪೈರ್ ಕಣ್ಣಿನಿಂದ ನನಗೆ ಕಾಣುವುದನ್ನು ಹೇಳುತ್ತೇನೆ. ಕಾಲು ತಡವಾದಾಗ ಕೈ ಮುಂದೆ ಹೋಗುತ್ತದೆ. ಎದುರಾಳಿ ಮುಂದೆ ದಾಟಿ ಹೋದ, ಹಿಡಿಯಲು ಆಗಲಿಲ್ಲ, ಆಗ ಕೋಲು ಹಾಕಿ ಎಳೆಯಬೇಕು ಅನ್ನಿಸುತ್ತದೆ. ಕಬಡ್ಡಿಯಲ್ಲಿ ಬಟ್ಟೆ ಹಿಡಿದು ಎಳೆಯುವುದೂ ಹೀಗೆಯೇ. ಮೊದಲೇ ಸರಿಯಾದ ಜಾಗದಲ್ಲಿ ನಿಂತವನಿಗೆ ಎಳೆಯುವ ಅಗತ್ಯವೇ ಬೀಳುವುದಿಲ್ಲ. ಫೌಲ್ ಇಲ್ಲದೆ ಆಡುವುದಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು. ಕಾಲಿನ ಕೆಲಸ ಬೇಕು, ಕಣ್ಣು ಬೇಕು, ಉಸಿರು ಬೇಕು. ಇದು ಸುಮ್ನೆ ಬರುವ ವಿದ್ಯೆಯಲ್ಲ.

ಸಭ್ಯ ಆಟದ ಟ್ರೋಫಿ ಅಂದೆನಲ್ಲ, ಅದರ ಹೆಸರು ಲೇಡಿ ಬಿಂಗ್ ಟ್ರೋಫಿ. ಕೆನಡಾದ ಗವರ್ನರ್ ಜನರಲ್ ಆಗಿದ್ದ ಬಿಂಗ್ ಅವರ ಹೆಂಡತಿ ಲೇಡಿ ಬಿಂಗ್. ಆಟ ಅಂದ್ರೆ ಅವರಿಗೆ ಪ್ರಾಣ. 1925ರಲ್ಲಿ ಈ ಟ್ರೋಫಿ ಕೊಟ್ಟರು. ಮೊದಲು ಗೆದ್ದವರು ಒಟ್ಟಾವಾ ತಂಡದ ಫ್ರಾಂಕ್ ನೈಬೋರ್. ಮೈಗೆ ಮೈ ತಾಗಿಸದೆ, ಕೋಲನ್ನು ಉದ್ದಕ್ಕೆ ಚಾಚಿ ಎದುರಾಳಿಯ ಪಕ್ ಅನ್ನು ಟಕ್ ಅಂತ ತಟ್ಟಿ ಬಿಡಿಸುವುದರಲ್ಲಿ ಅವರು ಹೆಸರುವಾಸಿ. ಆಮೇಲೆ ನ್ಯೂಯಾರ್ಕಿನ ಫ್ರಾಂಕ್ ಬೌಚರ್ ಬಂದರು. 8 ವರ್ಷದಲ್ಲಿ 7 ಸಲ ಅವರೇ ಗೆದ್ದರು. ಕೊನೆಗೆ ಇದು ನಿಮಗೇ ಇರಲಿ ಅಂತ ಟ್ರೋಫಿಯನ್ನೇ ಅವರ ಮನೆಗೆ ಕೊಟ್ಟುಬಿಟ್ಟರು! ಲೇಡಿ ಬಿಂಗ್ 1936ರಲ್ಲಿ ಇನ್ನೊಂದು ಟ್ರೋಫಿ ಮಾಡಿಸಿಕೊಡಬೇಕಾಯಿತು.

ಈ ಟ್ರೋಫಿ ಸಿಗಬೇಕಾದರೆ ಬರೀ ಒಳ್ಳೆಯವನಾಗಿದ್ದರೆ ಸಾಲದು. ನಡತೆಯೂ ಚೆನ್ನಾಗಿರಬೇಕು, ಆಟವೂ ಮೇಲ್ಮಟ್ಟದ್ದಾಗಿರಬೇಕು. ಬೆಂಚಿನ ಮೇಲೆ ಕೂತು ಪೆನಾಲ್ಟಿ ಪಡೆಯದವನಿಗೆ ಇದು ಬರುವುದಿಲ್ಲ.

ಮುಂದೆ ಆಡುವವರಿಗೆ ಸಭ್ಯತೆ ಸುಲಭ, ಹಿಂದೆ ನಿಂತು ತಡೆಯುವವನಿಗೆ ಕಷ್ಟ ಅಂತ ಒಂದು ವಾದ ಇದೆ. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಡೆಟ್ರಾಯ್ಟ್ ತಂಡದ ಬಿಲ್ ಕ್ವಾಕೆನ್‌ಬುಷ್ ಡಿಫೆನ್ಸ್ ಆಟಗಾರ. 1948-49ರಲ್ಲಿ 60 ಪಂದ್ಯ ಆಡಿದರು. ಪೆನಾಲ್ಟಿ ಸೊನ್ನೆ. ಒಂದೇ ಒಂದು ನಿಮಿಷವೂ ಇಲ್ಲ! ಎದುರಾಳಿಗಳು ಬಾಣದ ಹಾಗೆ ನುಗ್ಗಿ ಬರುವಾಗ ತಡೆಯುವ ಕೆಲಸ ಮಾಡಿಕೊಂಡು ಇದು ಹೇಗೆ ಸಾಧ್ಯವಾಯಿತೋ! ನಮ್ಮ ಕಾಲದಲ್ಲಿ ಕ್ಯಾರೊಲೈನಾದ ಜೇಕಬ್ ಸ್ಲಾವಿನ್ ಇದ್ದಾರೆ. ಅವರೂ ಡಿಫೆನ್ಸ್. 2020-21ರ ಸೀಸನ್ನಿನಲ್ಲಿ ಅವರಿಗೆ ಬಿದ್ದಿದ್ದು ಒಂದೇ ಪೆನಾಲ್ಟಿ.

ನನಗೆ ಎಲ್ಲರಿಗಿಂತ ಇಷ್ಟವಾದವರು ರಷ್ಯಾದ ಪಾವೆಲ್ ದತ್ಸ್ಯುಕ್. 1998ರಲ್ಲಿ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ಇವರ ಸರದಿ ಬಂದಿದ್ದು 171ನೆಯದಾಗಿ. ಅಂದ್ರೆ ಯಾರಿಗೂ ಅಷ್ಟು ಭರವಸೆ ಇರಲಿಲ್ಲ. ಡೆಟ್ರಾಯ್ಟ್ ತಂಡಕ್ಕೆ ಆಡಿದರು. 2006ರಿಂದ 2009ರ ತನಕ ಸಾಲಾಗಿ 4 ಸಲ ಲೇಡಿ ಬಿಂಗ್ ಗೆದ್ದರು. ಅದರ ಜೊತೆಗೇ 2008, 2009, 2010ರಲ್ಲಿ ರಕ್ಷಣೆಯ ಕೆಲಸವನ್ನು ಅತ್ಯುತ್ತಮವಾಗಿ ಮಾಡುವ ಫಾರ್ವರ್ಡ್ ಆಟಗಾರನಿಗೆ ಕೊಡುವ ಸೆಲ್ಕಿ ಟ್ರೋಫಿಯನ್ನೂ ಗೆದ್ದರು. ಎದುರಾಳಿಯಿಂದ ಪಕ್ ಕಸಿಯುವುದರಲ್ಲಿ ನಂಬರ್ ಒನ್, ಸಭ್ಯತೆಯಲ್ಲೂ ನಂಬರ್ ಒನ್. ಅವರ ವಿಡಿಯೊ ಸಿಕ್ಕರೆ ಖಂಡಿತ ನೋಡಿ. ಎದುರಾಳಿಯ ಹಿಂದಿನಿಂದ ಬಂದು ಅವನ ಕೋಲನ್ನು ಮೆಲ್ಲಗೆ ಎತ್ತುತ್ತಾರೆ, ಅಷ್ಟೆ. ಅವನಿಗೆ ಗೊತ್ತಾಗುವಾಗ ಪಕ್ ಇವರ ಹತ್ತಿರ ಇರುತ್ತದೆ.

ವೇಯ್ನ್ ಗ್ರೆಟ್ಸ್ಕಿ ಹೆಸರು ಬಿಟ್ಟರೆ ಈ ಮಾತು ಪೂರ್ತಿಯಾಗುವುದಿಲ್ಲ. ಸಣಕಲು ಮೈಯ ಮನುಷ್ಯ. 5 ಸಲ ಲೇಡಿ ಬಿಂಗ್. ಅವರು 894 ಗೋಲು ಹೊಡೆದರು, 1963 ಗೋಲುಗಳಿಗೆ ಪಾಸ್ ಕೊಟ್ಟರು. ಅವರ ಗೋಲುಗಳನ್ನೆಲ್ಲ ಲೆಕ್ಕದಿಂದ ತೆಗೆದರೂ, ಬರೀ ಪಾಸುಗಳಿಂದಲೇ ಅವರು ಲೀಗಿನಲ್ಲಿ ಪಾಯಿಂಟಿನ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. 2025ರ ಏಪ್ರಿಲ್ 6ರಂದು ಅಲೆಕ್ಸಾಂಡರ್ ಒವೆಚ್ಕಿನ್ 895ನೆಯ ಗೋಲು ಹೊಡೆದು ಅವರ ಗೋಲುಗಳ ದಾಖಲೆ ಮುರಿದಾಗ ಗ್ರೆಟ್ಸ್ಕಿ ಅದೇ ಕ್ರೀಡಾಂಗಣದಲ್ಲಿದ್ದರು. ಅಂಕಣಕ್ಕೆ ಇಳಿದು ಬಂದು, ಎಲ್ಲರ ಎದುರಿಗೆ ಅಭಿನಂದಿಸಿದರು.

ಆಟ ಪೂರಾ ಸಭ್ಯ ಅಂತ ನಾನು ಹೇಳುತ್ತಿಲ್ಲ. 2004ರಲ್ಲಿ ಟಾಡ್ ಬರ್ಟುಜಿ ಹಿಂದಿನಿಂದ ಹೊಡೆದ ಹೊಡೆತಕ್ಕೆ ಎದುರಾಳಿ ತಂಡದ ಸ್ಟೀವ್ ಮೂರ್ ಅವರ ಕುತ್ತಿಗೆಯ ಮೂಳೆ ಮುರಿದು, ಅವರ ಆಟದ ಬದುಕೇ ಮುಗಿಯಿತು. ಇದನ್ನು ಮುಚ್ಚಿಟ್ಟು ಬರೀ ಒಳ್ಳೆಯದನ್ನೇ ಹೇಳಬಾರದು.

ಒರಟರಲ್ಲೂ ಎತ್ತರಕ್ಕೆ ಏರಿದವರಿದ್ದಾರೆ. ಮಾಂಟ್ರಿಯಲ್‌ನ ಮಾರಿಸ್ ರಿಷಾರ್ ಬಹಳ ಕೋಪಿಷ್ಠ. 1952ರ ಏಪ್ರಿಲ್ 8ರಂದು ಬೋಸ್ಟನ್ ವಿರುದ್ಧ ಸೆಮಿಫೈನಲ್ ಸರಣಿಯ 7ನೆಯ ಪಂದ್ಯ. ನಡುವೆ ಏಟು ಬಿದ್ದು ರಿಷಾರ್ ಪ್ರಜ್ಞೆ ತಪ್ಪಿದರು. ಹುಬ್ಬಿನ ಹತ್ತಿರ ಹೊಲಿಗೆ ಹಾಕಿಸಿಕೊಂಡು ಮತ್ತೆ ಇಳಿದರು. ಗೆಲುವಿನ ಗೋಲು ಹೊಡೆದರು. ಸರಣಿ ಮುಗಿದ ಮೇಲೆ ಎರಡು ತಂಡದವರೂ ಸಾಲಾಗಿ ನಿಂತು ಕೈ ಕುಲುಕುವುದು ಈ ಆಟದ ಪದ್ಧತಿ. ಆ ಹೊತ್ತಿನ ಒಂದು ಫೋಟೊ ಇದೆ. ರಿಷಾರ್ ಮುಖದ ಮೇಲೆ ರಕ್ತ ಇಳಿದಿದೆ. ಬೋಸ್ಟನ್ ಗೋಲ್‌ಕೀಪರ್ ಜಿಮ್ ಹೆನ್ರಿಯ ಕಣ್ಣಿನ ಸುತ್ತ ಕಪ್ಪಾಗಿದೆ. ಸೋತ ಹೆನ್ರಿ ಸ್ವಲ್ಪ ಬಾಗಿ, ಗೆದ್ದವರ ಕೈ ಹಿಡಿದಿದ್ದಾರೆ. ನಮ್ಮಲ್ಲಿ ಪಂದ್ಯ ಮುಗಿದ ತಕ್ಷಣ ಬೈಕ್ ಹತ್ತಿ ಹೊರಡುವ ತಂಡಗಳನ್ನು ನೋಡುವಾಗ ನನಗೆ ಈ ಫೋಟೊ ನೆನಪಾಗುತ್ತದೆ, ಬೇಸರವೂ ಆಗುತ್ತದೆ.

ಅದೇ ರಿಷಾರ್ 1955ರ ಮಾರ್ಚಿನಲ್ಲಿ ಪಂದ್ಯದ ನಡುವೆ ಲೈನ್ಸ್‌ಮನ್ ಮೇಲೆ ಕೈ ಮಾಡಿದರು. ಆ ಸೀಸನ್ನಿನ ಉಳಿದ ಪಂದ್ಯಗಳಿಗೆ, ಕಪ್ ಯಾರಿಗೆ ಅಂತ ತೀರ್ಮಾನವಾಗುವ ಪ್ಲೇಆಫ್ ಪಂದ್ಯಗಳೂ ಸೇರಿ, ಅವರನ್ನು ಹೊರಗೆ ಹಾಕಿದರು. ಮಾರ್ಚ್ 17ರ ರಾತ್ರಿ ಮಾಂಟ್ರಿಯಲ್ ಊರಿಡೀ ಗಲಾಟೆ, ಅಂಗಡಿಗಳ ಗಾಜು ಪುಡಿಪುಡಿ. ಮರುದಿನ ರಿಷಾರ್ ಏನು ಮಾಡಿದರು ಗೊತ್ತಾ? ರೇಡಿಯೊದಲ್ಲಿ ಮಾತಾಡಿದರು. ಗಲಾಟೆ ನಿಲ್ಲಿಸಿ ಅಂತ ಜನರನ್ನು ಕೇಳಿಕೊಂಡರು. ನನ್ನ ಶಿಕ್ಷೆ ನಾನು ಅನುಭವಿಸುತ್ತೇನೆ, ಮುಂದಿನ ವರ್ಷ ಬಂದು ಕಪ್ ಗೆಲ್ಲಲು ನೆರವಾಗುತ್ತೇನೆ ಅಂದರು. ಊರು ತಣ್ಣಗಾಯಿತು. 1956ರಿಂದ 1960ರ ತನಕ ಸಾಲಾಗಿ 5 ಸಲ ಮಾಂಟ್ರಿಯಲ್ ಆ ಕಪ್, ಅಂದ್ರೆ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್, ಗೆದ್ದಿತು. ಅವರು ಒಮ್ಮೆಯೂ ಲೇಡಿ ಬಿಂಗ್ ಗೆಲ್ಲಲಿಲ್ಲ. ಆದರೆ ಆ ದಿನ ಅವರು ಮೈಕಿನ ಮುಂದೆ ಆಡಿದ ಮಾತಿಗೆ ನನ್ನ ಲೆಕ್ಕದಲ್ಲಿ ದೊಡ್ಡ ಬೆಲೆ ಇದೆ.

ಇನ್ನು ರೇ ಬೋರ್ಕ್. ಬೋಸ್ಟನ್ ತಂಡದಲ್ಲಿ ಅವರ ಜೆರ್ಸಿ ನಂಬರ್ 7. ಅದೇ ತಂಡದಲ್ಲಿ ಮೊದಲು 7 ತೊಟ್ಟು ಮೆರೆದವರು ಫಿಲ್ ಎಸ್ಪೊಸಿಟೊ. 1987ರ ಡಿಸೆಂಬರ್ 3ರಂದು ಎಸ್ಪೊಸಿಟೊಗೆ ಗೌರವ ಸಮಾರಂಭ. ಬೋರ್ಕ್ ಎಂದಿನಂತೆ 7 ನಂಬರ್ ತೊಟ್ಟು ಅವರ ಹತ್ತಿರ ಹೋದರು. ನಿಂತಲ್ಲೇ ಆ ಜೆರ್ಸಿ ಕಳಚಿ ಹಿರಿಯರ ಕೈಗೆ ಕೊಟ್ಟರು. ಒಳಗೆ ಇನ್ನೊಂದು ಜೆರ್ಸಿ, ಅದರ ಮೇಲೆ 77. ಎಸ್ಪೊಸಿಟೊಗೆ ಮುಂಚೆ ಸುಳಿವೇ ಇರಲಿಲ್ಲ. ಬೋರ್ಕ್ ಕೊನೆಯ ತನಕ 77ರಲ್ಲೇ ಆಡಿದರು. 22ನೆಯ ಸೀಸನ್ನಿಗೆ, 2001ರಲ್ಲಿ, ಕೊಲೊರಾಡೊ ತಂಡದಲ್ಲಿ ಮೊದಲ ಸಲ ಕಪ್ ಗೆದ್ದರು. ಕಪ್ ಮೊದಲು ಎತ್ತುವುದು ನಾಯಕನ ಹಕ್ಕು. ನಾಯಕ ಜೋ ಸಾಕಿಕ್ ಕಪ್ ತೆಗೆದುಕೊಂಡವರೇ, ತಾನು ಎತ್ತದೆ, ನೇರ ಬೋರ್ಕ್ ಕೈಗೆ ಕೊಟ್ಟುಬಿಟ್ಟರು.

ನಮ್ಮ ದೇಶದಲ್ಲೂ ಈ ಆಟ ಬೆಳೆಯುತ್ತಿದೆ ಅನ್ನುವುದನ್ನು ಹೇಳಲೇಬೇಕು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಭಾರತದ ಹುಡುಗಿಯರು ಕಂಚು ಗೆದ್ದರು. ಹೆಚ್ಚಿನವರು ಲಡಾಖ್ ಕಡೆಯವರು, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಕಲಿತವರು.

ಈಗ ನಮ್ಮ ಕರಾವಳಿಯ ಪಂದ್ಯಾಟ ಸಂಘಟಕರಲ್ಲಿ ನನ್ನದೊಂದು ಕೇಳಿಕೆ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಅಂತ ಟ್ರೋಫಿ ಕೊಡುತ್ತೀರಿ. ಅದರ ಜೊತೆಗೆ ಲೇಡಿ ಬಿಂಗ್ ತರದ್ದೂ ಒಂದು ಇರಲಿ. ಖರ್ಚು ಜಾಸ್ತಿ ಇಲ್ಲ. ಯಾರಿಗೆ ಯಾವ ಕಾರ್ಡ್ ಬಿತ್ತು ಅಂತ ಸ್ಕೋರ್ ಶೀಟಿನಲ್ಲಿ ಹೇಗೂ ಬರೆದಿರುತ್ತದೆ. ಒಳ್ಳೆಯ ಅಂಕ ತಂದವರಲ್ಲಿ ಕಾರ್ಡ್ ಇಲ್ಲದವರನ್ನು ಹೆಕ್ಕಿ, ಅಂಪೈರ್‌ಗಳೂ ಸ್ಕೋರರ್‌ಗಳೂ ಐದು ನಿಮಿಷ ಕೂತರೆ ಒಂದು ಹೆಸರು ಸಿಗುತ್ತದೆ. ಸೋತ ತಂಡದ ಹುಡುಗನಿಗೂ ಸಿಗಬಹುದು. ಸಮಾರೋಪದಲ್ಲಿ ಕೊನೆಗೆ, ಜನ ಎದ್ದು ಹೋದ ಮೇಲೆ ಕೊಡಬೇಡಿ. ಉತ್ತಮ ದಾಳಿಗಾರನ ಹೆಸರಿನ ಜೊತೆಗೇ ಕರೆಯಿರಿ. ಮಳೆ ಬಿಟ್ಟ ಮೇಲೆ ಪಂದ್ಯಾಟಗಳು ಶುರುವಾಗುತ್ತವೆ. ಟ್ರೋಫಿ ಅಂಗಡಿಗೆ ಕೊಡುವ ಪಟ್ಟಿಯಲ್ಲಿ ಈ ಸಲ ಇದನ್ನೂ ಬರೆದುಕೊಳ್ಳಿ.

ನಮಸ್ಕಾರ.