ಚುರುಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ತಲೆಬರಹ ತಪ್ಪದೆ ಕಾಣಿಸುತ್ತದೆ. 'ಮುಂಗಾರು ಚುರುಕು'. ಅದರ ಬೆನ್ನಿಗೇ 'ಬಿತ್ತನೆ ಚುರುಕು'. ಒಳಪುಟದಲ್ಲಿ ಯಾವುದೋ ಕಳ್ಳತನದ 'ತನಿಖೆ ಚುರುಕು'. ಈ ಚುರುಕು ಅಂದರೆ ನನಗೆ ಬಹಳ ಇಷ್ಟ. ಇವತ್ತು ಅದರದ್ದೇ ಮಾತು.

ಬೇಗ ಆಗುವುದನ್ನು ಹೇಳಲು ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಸಂಸ್ಕೃತದ 'ವೇಗ' ನಮ್ಮ ಬಾಯಲ್ಲಿ 'ಬೇಗ' ಆಯಿತು. 'ಜೋರು' ಫಾರಸಿಯಿಂದ ಬಂತು, ಅಲ್ಲಿ ಅದಕ್ಕೆ ಬಲ ಎಂದರ್ಥ. ಧಾರವಾಡದ ಕಡೆ 'ಲಗೂನ ಬಾ' ಅನ್ನುತ್ತಾರೆ. ಬಸ್ಸು ಜೋರಾಗಿ ಹೋಯಿತು, ಬೇಗ ಹೋಯಿತು, ಎರಡೂ ಸರಿ. ಬಸ್ಸು ಚುರುಕಾಗಿ ಹೋಯಿತು ಅಂದರೆ ಮಾತ್ರ ಕಿವಿಗೆ ಒಗ್ಗುವುದಿಲ್ಲ, ಅಲ್ವಾ? ಅದೇ ಬಸ್ಸಿನ ಕಂಡಕ್ಟರು ಚುರುಕಾಗಿರಬಹುದು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಯಾರು ಟಿಕೆಟ್ ತಗೊಂಡಿಲ್ಲ ಅಂತ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾರೆ.

ಹಾಗಾದರೆ ಮಳೆಗೆ ಯಾಕೆ ಚುರುಕು ಅನ್ನುತ್ತೇವೆ? ಅಲ್ಲಿಯವರೆಗೆ ಅದು ಮಂದವಾಗಿತ್ತು, ಈಗ ಎಚ್ಚೆತ್ತಿತು ಅಂತ. ತನಿಖೆಯದ್ದೂ ಅದೇ ಕಥೆ.

ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ದಾರ ಒಂದು ಸುತ್ತು, ಗಂಟು. ಗಂಟು ಸಡಿಲವಾದರೆ ಹೂ ಜಾರುತ್ತದೆ. ಜಾಸ್ತಿ ಬಿಗಿದರೆ ತೊಟ್ಟು ತುಂಡಾಗುತ್ತದೆ. ಇಷ್ಟೆಲ್ಲ ನಡೆಯುವಾಗ ಅವರ ಕಣ್ಣು ಹೂವಿನ ಮೇಲೆ ಇರುವುದೇ ಇಲ್ಲ, ಗಿರಾಕಿಯ ಮೇಲಿರುತ್ತದೆ. ಮಾತಾಡುತ್ತಾ ಮಾತಾಡುತ್ತಾ ಒಂದು ಮೊಳ ಮುಗಿದಿರುತ್ತದೆ. 'ಕೈ ಚುರುಕು' ಅನ್ನುವುದು ಇದಕ್ಕೆ. ಆ ಬೆರಳುಗಳಲ್ಲಿ ಓಟವೂ ಇದೆ, ಹದವೂ ಇದೆ.

ಈ ಪದದ ನಂಟರೂ ಹಾಗೆಯೇ. ಬಿಸಿಲು ಚುರುಗುಟ್ಟುತ್ತದೆ. ಹಸಿದ ಹೊಟ್ಟೆ ಚುರ್ ಅನ್ನುತ್ತದೆ. ಕಾದ ಕಾವಲಿಗೆ ಬೆರಳು ತಾಗಿದರೆ ಚುರುಕ್ ಅನ್ನಿಸಿ ಕೈ ತಾನಾಗಿ ಹಿಂದೆ ಬರುತ್ತದೆ. ಎಲ್ಲ ಕಡೆಯೂ ಏನೋ ಒಂದು ಮೈಗೆ ತಟ್ಟುತ್ತದೆ.

ಶಾಲೆಗಳಲ್ಲಿ ಮಾತ್ರ ಈ ಪದಕ್ಕೆ ಅನ್ಯಾಯವಾಗುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಮೊದಲು ಕೈ ಎತ್ತಿದ ಮಗು ಚುರುಕು, ಉಳಿದವರು ಮಂದ. ಮಗ್ಗಿ ಹೇಳಲು ತಡವರಿಸುವ ಹುಡುಗಿಯೇ ಸಂಜೆ ಅಪ್ಪನ ಅಂಗಡಿಯಲ್ಲಿ ಕೂತು ಥಟ್ಟನೆ ಚಿಲ್ಲರೆ ಲೆಕ್ಕ ಹೇಳುತ್ತಾಳೆ. ಅವಳನ್ನು ಮಂದ ಅನ್ನಲು ನಮಗೆ ಮನಸ್ಸಾದರೂ ಹೇಗೆ ಬರುತ್ತದೆ?

ಜ್ವರ ಬಂದ ಕೂಸನ್ನು ಎತ್ತಿಕೊಂಡು ಹೋದಾಗ ಡಾಕ್ಟರು ಕೇಳುವುದನ್ನು ನೀವೂ ಕೇಳಿರುತ್ತೀರಿ. 'ಮಗು ಚುರುಕಾಗಿದೆಯೇನಮ್ಮಾ?' ಎಷ್ಟು ಜೋರಾಗಿ ಓಡುತ್ತದೆ ಅಂತ ಅವರು ಕೇಳುತ್ತಿಲ್ಲ. ಕರೆದರೆ ತಿರುಗಿ ನೋಡುತ್ತದಾ, ಹಾಲು ಕುಡಿಯುತ್ತದಾ, ಆಟಿಕೆ ತೋರಿಸಿದರೆ ಕೈ ಚಾಚುತ್ತದಾ ಅಂತ ಕೇಳುತ್ತಿದ್ದಾರೆ. ಅಮ್ಮನಿಗೆ ಅದು ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ.

ನಮಸ್ಕಾರ.